ಗಜಕೋಲಿನ ನೆರಳು

"ಇದು ಉತ್ತರ ಅಲ್ಲ."

ಬೈರಯ್ಯ ಇಷ್ಟು ಹೇಳಿದ್ದೇ ತಡ, ಗುಂಡಿಯೊಳಗೆ ಕೊನೆಯ ಮಣ್ಣು ಎತ್ತುತ್ತಿದ್ದ ದಾಸಪ್ಪ ಗುದ್ದಲಿ ಊರಿ ನಿಂತುಬಿಟ್ಟ.

"ಏನಂದ್ರಿ?"

"ಉತ್ತರಕ್ಕಿಲ್ಲ ಇದು. ವಾರೆಯಾಗಿದೆ."

"ಇಪ್ಪತ್ತೆರಡು ವರ್ಷದಿಂದ ತೋಡ್ತಿದೀನಿ ಸ್ವಾಮಿ. ಈ ಸಾಲೆಲ್ಲಾ ಹಿಂಗೇ ಇರೋದು. ಬೇಕಾದ್ರೆ ಕಾಂಪೌಂಡ್ ಗೋಡೆ ನೋಡ್ಕೊಳ್ಳಿ, ಅದಕ್ಕೆ ಸರಿಯಾಗಿದೆ."

"ಗೋಡೆ ರಸ್ತೆ ಜೊತೆ ಹೋಗಿದೆ ಕಣಯ್ಯಾ. ರಸ್ತೆ ಉತ್ತರಕ್ಕೇ ಹೋಗುತ್ತೆ ಅಂತ ನಿನಗೆ ಯಾರು ಹೇಳಿದ್ದು?"

ಹೇಳಿದ ಮೇಲೆ ಬೈರಯ್ಯನಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಮಣ್ಣಿಗೆ ಬಂದವನು ಹೂ ಹಾಕಿ, ಕೈ ಮುಗಿದು, ಬಸ್ಸು ಹಿಡಿದು ಹೋಗಬೇಕಿತ್ತು. ಈ ಹಾಳು ಬಾಯಿ ಸುಮ್ಮನಿರಲಿಲ್ಲ. ಅದಕ್ಕೆ ಈ ಚಾಳಿ ಕಲಿಸಿದವರು ಅಲ್ಲೇ ಹೊಂಗೆ ಮರದ ಕೆಳಗೆ, ಬಾಳೆಕಂದು ಕಟ್ಟಿದ ಅಂತ್ಯಯಾತ್ರೆಯ ವಿಮಾನದಲ್ಲಿ, ಹಣೆ ತುಂಬ ವಿಭೂತಿ ಹಚ್ಚಿಸಿಕೊಂಡು ಕೂತಿದ್ದರು. ಪಂಚಾಕ್ಷರಯ್ಯ, ಅರವತ್ತೇಳು ವರ್ಷ. ಚಿಕ್ಕಪೇಟೆಯ ರೇಷ್ಮೆ ಅಂಗಡಿಯೊಂದರಲ್ಲಿ ಮೂವತ್ತೆಂಟು ವರ್ಷ ಬಟ್ಟೆ ಅಳೆದವರು. ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಉತ್ತರಕ್ಕೆ ಮುಖ ಮಾಡಿ ಕೂರಿಸಿ ಸಮಾಧಿ ಮಾಡುತ್ತಾರೆ.

ಪಂಚಾಕ್ಷರಯ್ಯನವರ ಅಣ್ಣ ಸಿದ್ದಬಸಪ್ಪ ಕೈಗಡಿಯಾರ ನೋಡಿಕೊಳ್ಳುತ್ತಾ ಬಂದರು. "ಏನ್ರೀ ತಕರಾರು? ಇವತ್ತು ಬುಧವಾರ, ಹನ್ನೆರಡಕ್ಕೆ ರಾಹುಕಾಲ ಹಿಡಿಯುತ್ತೆ. ಅಷ್ಟರೊಳಗೆ ಮುಗೀಬೇಕು."

"ಗುಂಡಿ ಉತ್ತರಕ್ಕಿಲ್ಲ ಸರ್."

"ನೀವು ಆ ಟೆಲಿಫೋನ್ ಎಕ್ಸ್‌ಚೇಂಜಿನವರಲ್ವಾ? ಕಂಬ ಹತ್ತೋ ಕೆಲಸ ನಿಮ್ದು. ನಮ್ಮ ಸಮಾಧಿ ವಿಚಾರ ನಿಮಗ್ಯಾಕ್ರೀ? ಅಂದಾಜು ಉತ್ತರಕ್ಕಿದ್ರೆ ಆಯ್ತು ಬಿಡಿ."

ಅಂದಾಜು! ವಿಮಾನದಲ್ಲಿ ಕೂತವರು ಎದ್ದು ಬಂದು ಅಣ್ಣನ ಮೇಲೆ ಕೂಗಾಡಲಿಲ್ಲವಲ್ಲ, ಹಾಗಾದರೆ ಸತ್ತಿದ್ದು ನಿಜವೇ ಎಂದುಕೊಂಡ ಬೈರಯ್ಯ. ಬೆಳಗಿನಿಂದ ಅವನಿಗೆ ಅದು ನಂಬಿಕೆಯಾಗಿರಲಿಲ್ಲ.

*

ಹನ್ನೆರಡು ವರ್ಷದ ಹಿಂದೆ, ಎಪ್ಪತ್ತನಾಲ್ಕರಲ್ಲಿ, ಚಾಮರಾಜಪೇಟೆಯ ವಾಚನಾಲಯದ ಬಾಗಿಲಲ್ಲಿ ಒಂದು ಚೀಟಿ ಅಂಟಿಸಿತ್ತು. 'ನಕ್ಷತ್ರ ನೋಡಲು ಕಲಿಯಬೇಕೆ? ಹೊಸಬರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಶುಲ್ಕವಿಲ್ಲ. ಟೋಪಿ ತನ್ನಿ.' ನಕ್ಷತ್ರ ನೋಡಲು ಬೆಳಿಗ್ಗೆ ಹತ್ತಕ್ಕೆ ಯಾಕೆ, ಟೋಪಿ ಯಾಕೆ ಎಂದು ಇಪ್ಪತ್ತಾರರ ಬೈರಯ್ಯ ಕೇಳಿಕೊಳ್ಳಲಿಲ್ಲ. ಚೀಟಿಯಲ್ಲಿದ್ದ ವಿಳಾಸ ಹುಡುಕಿ ಪಂಚಾಕ್ಷರಯ್ಯನವರ ಮನೆಯ ತಾರಸಿ ಹತ್ತಿ ಹೋದ. ಮೂಲೆಯಲ್ಲಿ ದೂರದರ್ಶಕವೇನೋ ಇತ್ತು. ಮಾಮೂಲ್‌ಪೇಟೆಯಲ್ಲಿ ಕೊಂಡ ತಗಡಿನ ಕೊಳವೆಗೆ ಹಳೆಯ ಮಸೂರ ಕೂರಿಸಿ ಪಂಚಾಕ್ಷರಯ್ಯನವರೇ ಮಾಡಿದ್ದು. ಅದಕ್ಕೆ ಗೋಣಿಚೀಲ ಮುಚ್ಚಿತ್ತು. ಅವನ ಕೈಗೆ ಸಿಕ್ಕಿದ್ದು ಒಂದು ಕೋಲು. ಮೀಟರು ಬಂದಮೇಲೆ ಅಂಗಡಿಯವರು ಮೂಲೆಗೆ ಎಸೆದಿದ್ದ ಹಳೆಯ ಗಜಕೋಲು.

"ಇದನ್ನ ಈ ಮಣ್ಣಿನ ಕುಂಡದಲ್ಲಿ ನೆಟ್ಟಗೆ ನಿಲ್ಸಿ. ನೆರಳಿನ ತುದಿವರೆಗೂ ದಾರ ಹಿಡಿದು ಸುತ್ತ ಒಂದು ವೃತ್ತ ಬರೀರಿ. ನೆರಳು ಈಗ ಮುಟ್ಟಿರೋ ಕಡೆ ಒಂದು ಗುರುತು. ಆಮೇಲೆ ಅದು ಚಿಕ್ಕದಾಗಿ ಒಳಗೆ ಹೋಗುತ್ತೆ, ಮಧ್ಯಾಹ್ನ ಕಳೆದು ಮತ್ತೆ ಉದ್ದವಾಗಿ ವೃತ್ತ ಮುಟ್ಟುತ್ತೆ. ಅಲ್ಲೊಂದು ಗುರುತು. ಎರಡನ್ನೂ ಸೇರಿಸಿದ್ರೆ ಪೂರ್ವ ಪಶ್ಚಿಮ. ಅದಕ್ಕೆ ಅಡ್ಡ ಎಳೆದ್ರೆ ಉತ್ತರ. ಉತ್ತರ ಗೊತ್ತಿಲ್ದೋನು ಆಕಾಶದಲ್ಲಿ ಏನು ನೋಡ್ತಾನೆ?"

ಬೈರಯ್ಯ ಊಟಕ್ಕೆ ಹೋಗಿ, ಒಂದು ನಿದ್ದೆ ಹೊಡೆದು, ಮೂರು ಗಂಟೆಗೆ ಬಂದು ಎರಡನೇ ಗುರುತನ್ನು ಅಂದಾಜಿನಲ್ಲಿ ಇಟ್ಟ. ಪಂಚಾಕ್ಷರಯ್ಯ ಬಗ್ಗಿ ದಾರ ಹಿಡಿದು ನೋಡಿದರು. "ಇದು ನೆರಳು ಇಟ್ಟ ಗುರುತಲ್ಲ. ನೀವಿಟ್ಟಿದ್ದು. ಮುಂದಿನ ಭಾನುವಾರ ಬನ್ನಿ."

ಮೂರು ಭಾನುವಾರ! ದಾರಿಯುದ್ದಕ್ಕೂ ಬೈದುಕೊಂಡೇ ಹೋದ. ಮೂರನೆಯ ಸಲ ಮಾತ್ರ ಕದಲದೆ ಕೂತ, ಹಟಕ್ಕೆ. ಕಣ್ಣು ಕೀಳದೆ ನೋಡಿದ ಮೇಲೆ ನೆರಳಿನ ತುದಿ ಹರಿದಾಡುವುದು ಕಾಣಿಸಿತು. "ಸರ್, ಹೋಗ್ತಿದೆ!" ಎಂದು ಕೂಗಿಯೇಬಿಟ್ಟ. ಪಂಚಾಕ್ಷರಯ್ಯ ನಕ್ಕಿದ್ದನ್ನು ಅವನು ಅವತ್ತೇ ಮೊದಲು ನೋಡಿದ್ದು. ಸಂಜೆ ಗೋಣಿಚೀಲ ತೆಗೆದು ಶನಿಯ ಉಂಗುರ ತೋರಿಸಿದರು.

ಆದರೆ ಎಲ್ಲರೂ ಬೈರಯ್ಯನಾಗಲು ಸಾಧ್ಯವೇ? ಪಂಚಾಕ್ಷರಯ್ಯನವರ ನಕ್ಷತ್ರ ಕೂಟದ ಪುಸ್ತಕದಲ್ಲಿ ನೂರಾನಲವತ್ತು ಹೆಸರಿದ್ದವು. ಕೋಲು ಮುಗಿಸಿದವರು ಹತ್ತೊಂಬತ್ತು. ಉಳಿದವರು ಎರಡನೇ ಭಾನುವಾರ ಈ ಕಡೆ ತಲೆಯೇ ಹಾಕಲಿಲ್ಲ.

ಹೋದ ಡಿಸೆಂಬರಿನಲ್ಲಿ ಹ್ಯಾಲಿ ಧೂಮಕೇತು ಬಂದಾಗ ಊರಿಗೆ ಊರೇ ಆಕಾಶದ ಹುಚ್ಚು ಹಿಡಿಸಿಕೊಂಡಿತು. ಬೈರಯ್ಯ ತನ್ನ ಕ್ವಾರ್ಟರ್ಸಿನ ಹನ್ನೊಂದು ಮಕ್ಕಳನ್ನು ಕರೆದುಕೊಂಡು ಸಂಜೆ ತಾರಸಿಗೆ ಹೊರಟರೆ, ಮೆಟ್ಟಿಲಲ್ಲೇ ಪಂಚಾಕ್ಷರಯ್ಯ ಅಡ್ಡ ನಿಂತರು.

"ಕೋಲು ಆಯ್ತಾ ಇವರಿಗೆ?"

"ಸಣ್ಣ ಮಕ್ಕಳು ಸರ್. ಎಪ್ಪತ್ತಾರು ವರ್ಷಕ್ಕೆ ಒಂದ್ಸಲ ಬರೋದು ಇದು."

"ಸೂರ್ಯ ದಿನಾ ಬರ್ತಾನೆ. ಮೊದಲು ಅವನನ್ನ ನೋಡ್ಲಿ."

ಮಕ್ಕಳು ಮುಖ ಮುಖ ನೋಡಿಕೊಂಡವು. ಬೈರಯ್ಯನಿಗೆ ತಡೆಯಲಾಗಲಿಲ್ಲ. "ನಿಮ್ಮ ಕೋಲು ನೀವೇ ಇಟ್ಕೊಳ್ಳಿ! ಇದಕ್ಕೇ ನಿಮ್ಮ ಹತ್ರ ಒಬ್ಬರೂ ನಿಲ್ಲಲ್ಲ!" ಎಂದು ಬೀದಿಗೆ ಕೇಳುವಂತೆ ಕೂಗಿ ಇಳಿದುಹೋದ. ಆಮೇಲೆ ಆ ಮೆಟ್ಟಿಲು ಹತ್ತಲಿಲ್ಲ.

*

ಗುಂಡಿಯ ಹತ್ತಿರ ಗಲಾಟೆ ಕೇಳಿ ಪಂಚಾಕ್ಷರಯ್ಯನವರ ಮಗಳು ಶಿವಕುಮಾರಿ ಬಂದಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಅತ್ತು ಅತ್ತು ಮುಖ ಊದಿತ್ತು.

"ಬೈರಯ್ಯನವ್ರೇ, ಅಪ್ಪನ ಕಾರ್ಡು ಬಂತಾ ನಿಮಗೆ?"

ಬಂದಿತ್ತು. ಅವನ ಅಂಗಿಯ ಜೇಬಿನಲ್ಲೇ ಇತ್ತು. 'ಹನ್ನೆರಡನೇ ತಾರೀಖು ಭಾನುವಾರ ಸಂಜೆ ಆರೂವರೆಗೆ ಮಕ್ಕಳನ್ನು ಕರೆತನ್ನಿ. ಕೋಲು ಬೇಡ.' ಇಷ್ಟೇ. ಕ್ಷಮಿಸಿ ಎಂದೂ ಇರಲಿಲ್ಲ, ಏನೂ ಇರಲಿಲ್ಲ.

"ಬಂತು."

"ಮತ್ತೆ ನೀವು ಬರ್ಲಿಲ್ಲ."

"ಇಲ್ಲ ತಾಯೀ. ಇನ್ನೊಂದ್ಸಲ ಕರೀಲಿ ಅಂತ..."

"ಹನ್ನೊಂದು ಮಕ್ಕಳು ಬರ್ತಾರೆ ಅಂತ ಅಮ್ಮನ ಹತ್ರ ಒಗ್ಗರಣೆ ಅವಲಕ್ಕಿ ಮಾಡ್ಸಿದ್ರು. ಚಾಪೆ ಹಾಸಿದ್ರು. ಎತ್ತರ ಸಾಲಲ್ಲ ಅಂತ ಸ್ಟೂಲ್ ತಂದಿಟ್ರು. ಧೂಮಕೇತು ಮುಳುಗೋವರೆಗೂ ಮೆಟ್ಟಿಲ ಮೇಲೆ ಕೂತಿದ್ದು ಒಳಗೆ ಬಂದು, ಮೋಡ ಇತ್ತು, ಅದಕ್ಕೇ ಅವರು ಬರ್ಲಿಲ್ಲ ಅಂದ್ರು." ಶಿವಕುಮಾರಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೋಡ ಇರ್ಲಿಲ್ಲ ಬೈರಯ್ಯನವ್ರೇ."

ಬೈರಯ್ಯ ಕೆನ್ನೆಗೆ ಹೊಡೆಸಿಕೊಂಡವನ ಹಾಗೆ ನಿಂತ. ಆ ಭಾನುವಾರ ಕಳೆದು ಹತ್ತು ದಿನ! ಮನೆಗೂ ಚಾಮರಾಜಪೇಟೆಗೂ ಎಂಟಾಣೆ ಬಸ್ಸು. ಎಂಥ ಮೂರ್ಖ ನಾನು ಎಂದುಕೊಂಡ. ಆಮೇಲೆ ಸಿದ್ದಬಸಪ್ಪನವರ ಕಡೆ ತಿರುಗಿ, "ಕೋಲು ನಿಲ್ಲಿಸ್ಬೇಕು ಸರ್. ಅವರನ್ನ ಅಂದಾಜಿನಲ್ಲಿ ಕೂರಿಸೋಕೆ ನಾನು ಬಿಡಲ್ಲ," ಎಂದ.

"ಬಿಡೋಕೆ ನೀವ್ಯಾರ್ರೀ?" ಸಿದ್ದಬಸಪ್ಪನವರ ದನಿ ಏರಿತು. ಯಾರೋ ನೆಂಟರ ಹುಡುಗ ಸ್ಕೂಟರಿನ ಕೀಚೈನಿನಲ್ಲಿದ್ದ ಪುಟ್ಟ ದಿಕ್ಸೂಚಿ ತೋರಿಸಿದ. ಅದರ ಮುಳ್ಳು ಗುದ್ದಲಿಯ ಹತ್ತಿರ ಒಂದು ಕಡೆ, ಕಬ್ಬಿಣದ ಗೇಟಿನ ಹತ್ತಿರ ಇನ್ನೊಂದು ಕಡೆ ತಿರುಗಿತು. ದಾಸಪ್ಪ ಗುಂಡಿಯ ಅಂಚಿನಲ್ಲಿ ಕೂತು ಬೀಡಿ ಹಚ್ಚಿದ.

ಶಿವಕುಮಾರಿಯೇ ದಾರಿ ಹುಡುಕಿದಳು. "ದೊಡ್ಡಪ್ಪಾ, ಈಗ್ಲೇ ಹನ್ನೊಂದೂವರೆ. ಅಯ್ನೋರ ಪೂಜೆಗೇ ಮುಕ್ಕಾಲು ಗಂಟೆ ಬೇಕು. ಶುರು ಮಾಡಿದ್ರೆ ಮಧ್ಯದಲ್ಲೇ ರಾಹುಕಾಲ ಹಿಡಿಯುತ್ತೆ. ಅಪ್ಪನ್ನ ರಾಹುಕಾಲದಲ್ಲಿ ಮಣ್ಣು ಮಾಡ್ತೀರಾ?"

ಸಿದ್ದಬಸಪ್ಪ ಪೂಜೆಗೆ ಬಂದಿದ್ದ ಅಯ್ಯನವರ ಮುಖ ನೋಡಿದರು. ಅಯ್ಯನವರು ಹೌದೆಂದು ತಲೆಯಾಡಿಸಿದರು.

"ಒಂದೂವರೆಗೆ ಬಿಡುತ್ತಲ್ಲ, ಅಲ್ಲೀವರೆಗೂ ಕಾಯೋಣ. ಅಷ್ಟರಲ್ಲಿ ಈ ಕೋಲಿನ ಕೆಲಸಾನೂ ಆಗುತ್ತೆ," ಎಂದಳು ಶಿವಕುಮಾರಿ.

ವಿಮಾನದ ಪಕ್ಕ ಕೂತಿದ್ದ ಹೆಂಡತಿ ಮಹಾನಂದ ಗಂಡನ ಮೊಣಕಾಲು ಸವರಿದರು. "ರಾಹುಕಾಲ ಅಂದ್ರೆ ಸಾಕು, ಜೀವಮಾನವೆಲ್ಲಾ ಬೈದ್ರಿ. ಇವತ್ತು ಅದೇ ನಿಮ್ಮ ಕೈ ಹಿಡೀತು ನೋಡಿ," ಎಂದು ಅಳುತ್ತಲೇ ನಕ್ಕು, ಅವರ ಜೊತೆಗೆ ಇಡಲೆಂದು ತಂದಿದ್ದ ಗಜಕೋಲನ್ನು ತೆಗೆದುಕೊಟ್ಟರು.

ಬೈರಯ್ಯ ಬಯಲಿನಲ್ಲಿ ಕೋಲು ನೆಟ್ಟ. ಹಾರದ ದಾರಕ್ಕೆ ಬೀಗದಕೈ ಕಟ್ಟಿ ಇಳಿಬಿಟ್ಟು ಅದು ನೆಟ್ಟಗಿದೆಯೇ ಎಂದು ನೋಡಿಕೊಂಡ. ಅದೇ ದಾರ ಹಿಡಿದು ವೃತ್ತ ಬರೆದ. ನೆರಳಿನ ತುದಿಗೆ ಶಿವಕುಮಾರಿ ಒಂದು ಚಿಟಿಕೆ ವಿಭೂತಿ ಇಟ್ಟಳು.

ಆಮೇಲೆ ಕಾಯುವುದು. ಎರಡು ಗಂಟೆ! ಜನ ಗೊಣಗಿದರು, ಗೊಣಗದೆ ಏನು ಮಾಡುತ್ತಾರೆ? "ಸತ್ತಮೇಲೂ ಬಿಸಿಲಲ್ಲಿ ನಿಲ್ಲಿಸ್ತಾನಲ್ಲಪ್ಪ ಈ ಮನುಷ್ಯ," ಎಂದರು ಅಂಗಡಿಯ ಹಳೆಯ ಜೊತೆಗಾರ ನಂಜುಂಡಯ್ಯ. "ನಾನೂ ಒಂದು ಭಾನುವಾರ ಹೋಗಿದ್ದೆ. ಎರಡನೇದಕ್ಕೆ ಕೈ ಮುಗಿದೆ." ಕೆಲವರು ಎದ್ದು ಹೋದರು. ಉಳಿದವರು ಹೊಂಗೆಯ ಕೆಳಗೆ ಕುಳಿತರು.

ಬೈರಯ್ಯ ಕದಲಲಿಲ್ಲ.

"ಈ ಕಡೆ ಬಂದು ಕೂತ್ಕೊಳ್ರೀ," ಎಂದು ಸಿದ್ದಬಸಪ್ಪನವರೇ ಕರೆದರು. "ನೋಡ್ತಾ ನಿಂತ್ರೆ ಬೇಗ ಬರುತ್ತಾ ಅದು?"

"ಒಂದ್ಸಲ ಎದ್ದು ಹೋಗಿದ್ದೆ ಸರ್. ಗೊತ್ತಾಗಿಬಿಡ್ತು ಅವರಿಗೆ."

ಹೇಳುತ್ತಿದ್ದಂತೆ ಅವನಿಗೆ ಅಳು ಬಂತು. ಮೂವತ್ತೆಂಟರ ಗಂಡಸು, ಅಷ್ಟು ಜನರ ಎದುರಿಗೆ, ಕೋಲಿನ ಪಕ್ಕದಲ್ಲಿ ನಿಂತು ಗಟ್ಟಿಯಾಗಿ ಅತ್ತ. ಅಳುವಾಗಲೂ ನೆರಳಿನಿಂದ ಕಣ್ಣು ತೆಗೆಯಲಿಲ್ಲ. ಸಿದ್ದಬಸಪ್ಪ ಎದ್ದು ಬಂದು ತಮ್ಮ ಟೋಪಿ ತೆಗೆದು ಅವನ ತಲೆಗಿಟ್ಟರು.

ಒಂದೂವರೆ ಆಗಿ ಎರಡು ನಿಮಿಷಕ್ಕೆ ನೆರಳು ಮತ್ತೆ ವೃತ್ತ ಮುಟ್ಟಿತು. ಶಿವಕುಮಾರಿ ಎರಡನೇ ವಿಭೂತಿ ಇಟ್ಟಳು. ಎರಡನ್ನೂ ಸೇರಿಸಿ ದಾರ ಎಳೆದು, ಅದಕ್ಕೆ ಅಡ್ಡಲಾಗಿ ಇನ್ನೊಂದು ಎಳೆದರು. ಸಿದ್ದಬಸಪ್ಪ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ದಾರದ ಮೇಲಿಂದ ಗುಂಡಿಯ ಕಡೆ ನೋಡಿದರು. ಗುಂಡಿಯ ಮುಖ ಒಂದು ಕಡೆ, ದಾರ ಇನ್ನೊಂದು ಕಡೆ.

"ಒಂದು ಮೂಲೆ ತೆಗೆದು ಇನ್ನೊಂದು ಮೂಲೆ ತುಂಬ್ಬೇಕು," ಎಂದು ದಾಸಪ್ಪ ಬೇಸರದಿಂದ ಎದ್ದ. "ಒಂದು ಅಂದಾಜಿಗೆ ತಿರುಗಿಸ್ಲಾ?"

"ಅಂದಾಜೆಲ್ಲ ಬೇಡ ಕಣೋ," ಎಂದರು ಸಿದ್ದಬಸಪ್ಪ. "ದಾರ ಹಿಡ್ಕೊಂಡು ಸರಿಯಾಗಿ ತೆಗಿ."

ಮೂರು ಗಂಟೆಗೆ ಎಲ್ಲ ಮುಗಿಯಿತು. ಬಿಲ್ವಪತ್ರೆ, ವಿಭೂತಿ, ಉಪ್ಪು, ಮಣ್ಣು. ಬೈರಯ್ಯ ಕೊನೆಯ ಹಿಡಿ ಮಣ್ಣಿನ ಜೊತೆ ಜೇಬಿನ ಕಾರ್ಡನ್ನೂ ಹಾಕಿದ. ಗಜಕೋಲನ್ನು ಕೀಳಲು ಹೋದವನಿಗೆ ಮಹಾನಂದ, "ಇರ್ಲಿ ಬಿಡಿ, ಭಾನುವಾರ ಮಕ್ಕಳನ್ನ ಕರ್ಕೊಂಡು ಮನೆಗೆ ಬರುವಾಗ ಇಲ್ಲಿಂದ ತಗೊಂಡು ಬನ್ನಿ," ಎಂದರು.

ಜನ ಗೇಟು ದಾಟುವ ಹೊತ್ತಿಗೆ ಇನ್ಯಾರದೋ ಮನೆಯವರು ನಾಳೆ ಬೆಳಿಗ್ಗೆಗೆ ಗುಂಡಿ ಬೇಕೆಂದು ಬಂದು ಹೇಳಿ ಹೋದರು. ದಾಸಪ್ಪ ಹಗ್ಗ ತಂದು, ಹೊಸ ಸಮಾಧಿಯ ಪಕ್ಕದಲ್ಲೇ ಒಂದು ಗೂಟ ಹೊಡೆದ. ಸಾಲಿನಲ್ಲಿ ಇಪ್ಪತ್ತೆರಡು ವರ್ಷದ ಸಮಾಧಿಗಳೆಲ್ಲ ಗೋಡೆಗೆ ಸರಿಯಾಗಿ ಒಂದೇ ಸಮ ಕೂತಿದ್ದವು; ಕೊನೆಯದೊಂದು ಮಾತ್ರ ವಾರೆಯಾಗಿ ತಿರುಗಿ ಕೂತಿತ್ತು. ಅದರಾಚೆ ಗಜಕೋಲಿನ ನೆರಳು ವೃತ್ತ ದಾಟಿ ಉದ್ದವಾಗಿತ್ತು. ದಾಸಪ್ಪ ಗೋಡೆಯನ್ನು ನೋಡಿದ, ಸಮಾಧಿಯನ್ನು ನೋಡಿದ, ಮತ್ತೆ ಗೋಡೆಯನ್ನು ನೋಡಿದ. ಎರಡನೇ ಗೂಟ ಎಲ್ಲಿ ಹೊಡೆಯುವುದೆಂದು ತಿಳಿಯದೆ, ಹಗ್ಗದ ಇನ್ನೊಂದು ತುದಿ ಹಿಡಿದುಕೊಂಡು ಬಿಸಿಲಿನಲ್ಲೇ ನಿಂತಿದ್ದ.