ನಮ್ಮವರೇ ಅಲ್ವಾ ಮೇಡಂ

ಫೋನು ಮಾಡಿದ ಹುಡುಗಿಯ ಮಾತಿನಲ್ಲಿ ಜೇನು ಸುರಿಯುತ್ತಿತ್ತು. ನೀಲಿ ವಿಮಾನದವರ ಕಡೆಯಿಂದ ಮಾತಾಡುತ್ತಿದ್ದಾಳಂತೆ. ವರ್ಷಗಟ್ಟಲೆ ಅವರ ವಿಮಾನದಲ್ಲೇ ಓಡಾಡಿದ ನನ್ನಂಥವರು ಇದ್ದಕ್ಕಿದ್ದಂತೆ ಬೇರೆಯವರ ವಿಮಾನ ಹತ್ತುವುದು ಯಾಕೆ ಅಂತ ಕಂಪನಿಯವರು ತಿಳಿದುಕೊಳ್ಳಬೇಕಂತೆ. ಎರಡೇ ನಿಮಿಷ ಸಾಕಂತೆ.

"ಕಾರಣ ಯಾವುದು ಮೇಡಂ? ಟಿಕೆಟ್ ದರಾನಾ, ಸಮಯಾನಾ, ಊಟಾನಾ, ಸಿಬ್ಬಂದಿ ನಡವಳಿಕೇನಾ?"

"ಇದ್ಯಾವುದೂ ಅಲ್ಲ."

"ಹಾಗಾದ್ರೆ 'ಇತರೆ' ಅಂತ ಹಾಕ್ಕೊಳ್ಲಾ ಮೇಡಂ?"

ಇತರೆಯಂತೆ ಇತರೆ! ಮೈಯೆಲ್ಲ ಉರಿದುಹೋಯಿತು. "ಏನೂ ಹಾಕ್ಕೋಬೇಡ. ಕೇಳೋಕೆ ತಾನೇ ಫೋನ್ ಮಾಡಿದ್ದು? ಪೂರ್ತಿ ಕೇಳು," ಅಂದೆ. ಪಾಪ, ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಅವಳಿಗೆ ಹೇಳದೆ ನುಂಗಿಕೊಂಡಿದ್ದನ್ನೂ ಹೇಳುತ್ತೇನೆ.

ನನ್ನದು ಬಿಸ್ಕತ್ತಿನ ಪೊಟ್ಟಣ ಕಟ್ಟುವ ಯಂತ್ರಗಳ ರಿಪೇರಿ ಕೆಲಸ. ಯಂತ್ರ ನಿಂತರೂ ಒಲೆಯಿಂದ ಬರುವ ಬಿಸ್ಕತ್ತು ನಿಲ್ಲುವುದಿಲ್ಲ. ಬೆಲ್ಟಿನ ತುದಿಯಲ್ಲಿ ಬಂದು ಬಂದು ಗುಡ್ಡೆ ಬೀಳುತ್ತದೆ, ಫ್ಯಾಕ್ಟರಿಯವರು ತಲೆ ಮೇಲೆ ಕೈ ಹೊತ್ತುಕೊಂಡು ನನಗೆ ಫೋನು ಮಾಡುತ್ತಾರೆ. ನಾನು ಸ್ಪ್ಯಾನರ್ ಪೆಟ್ಟಿಗೆ ಎತ್ತಿಕೊಂಡು ವಿಮಾನ ಹತ್ತುತ್ತೇನೆ. ಹೆಣ ಭಾರದ ಪೆಟ್ಟಿಗೆ ಅದು. ನೀಲಿಯವರು ಅದನ್ನು ತೂಕಕ್ಕೆ ಹಾಕುತ್ತಿರಲಿಲ್ಲ, ಕಾಯಂ ಗಿರಾಕಿಗಳಿಗೆ ಕೊಡುವ ನನ್ನ ಬಂಗಾರದ ಬಣ್ಣದ ಕಾರ್ಡು ನೋಡಿದ ತಕ್ಷಣ ನಗುನಗುತ್ತಾ ಒಳಗೆ ಕಳಿಸುತ್ತಿದ್ದರು. ಹಳದಿ ವಿಮಾನದವರು ಅದೇ ಪೆಟ್ಟಿಗೆಗೆ ನೂರೆಂಟು ತಕರಾರು ತೆಗೆಯುತ್ತಿದ್ದರು. ಹಾಗಾಗಿ ನನಗೆ ನೀಲಿ ಬಿಟ್ಟು ಬೇರೆ ದಿಕ್ಕಿಲ್ಲ ಅನ್ನುವಂತಾಗಿತ್ತು. ತಡವಾದರೂ ಅದೇ, ಸುತ್ತಾದರೂ ಅದೇ. ಯಾರಾದರೂ ನೀಲಿಯವರನ್ನು ಬೈದರೆ ನನಗೇ ಬೈದ ಹಾಗೆ ಮುಖ ಊದಿಸಿಕೊಳ್ಳುತ್ತಿದ್ದೆ. ನಾನು ಮದುವೆಯಾದವಳಲ್ಲ. ಅಮ್ಮ ನೀಲಿ ವಿಮಾನವನ್ನೇ ನನ್ನ ಅತ್ತೆಮನೆ ಅಂತ ಕರೆಯುತ್ತಿದ್ದಳು.

"ಏನೇ, ನಿನ್ನ ಅತ್ತೆಮನೆಯವರು ಇವತ್ತಾದ್ರೂ ಹೊಟ್ಟೆಗೆ ಏನಾದ್ರೂ ಕೊಟ್ರಾ?"

"ಕೊಟ್ರಮ್ಮ. ಕಿಟಕಿ ಪಕ್ಕ ಕೂರಿಸಿದ್ರು."

"ಸದ್ಯ. ಒಳ್ಳೇ ಮನೆಗೆ ಸೇರಿದೀಯ ಬಿಡು."

ದಿನಾ ಸಂಜೆ ಫೋನು ಮಾಡುತ್ತಿದ್ದಳು ಅಮ್ಮ. ಮೊದಲು ಈ ತಮಾಷೆ, ಆಮೇಲೆ ಅತ್ತಿಗೆಯ ಮೇಲೆ ದೂರು. ಅಣ್ಣನ ಹೆಂಡತಿಗೂ ಅಮ್ಮನಿಗೂ ಎಣ್ಣೆ ಸೀಗೇಕಾಯಿ. ಅತ್ತಿಗೆ ಲೋಟ ಇಟ್ಟರೆ ಸದ್ದು, ಬಾಗಿಲು ಹಾಕಿದರೆ ಸದ್ದು, ಮಾತಾಡದಿದ್ದರೆ ಜಂಬ. ಒಂದೇ ಸೂರಿನ ಕೆಳಗಿದ್ದರೂ ಅಮ್ಮ ಅವಳನ್ನು ಹೆಸರು ಹಿಡಿದು ಕರೆದಿದ್ದಿಲ್ಲ. "ಇವಳೇ" ಅನ್ನುತ್ತಿದ್ದಳು, ಅಷ್ಟೆ. ಕೊನೆಗೆ ಫೋನಿಡುವಾಗ, "ಯಾರಿದ್ದರೇನು, ಇಲ್ಲದಿದ್ದರೇನು, ನನಗೆ ನೀನೊಬ್ಬಳೇ ಕಣೇ" ಅನ್ನುತ್ತಿದ್ದಳು. ಆ ಮಾತು ಕೇಳಿ ನಾನು ಹಿಗ್ಗುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಆ ದನಿಯೇ ಕೆಟ್ಟಿತು. ಮೊದಮೊದಲು ಶೀತ ಅಂದುಕೊಂಡೆವು, ಆಮೇಲೆ ಪರೀಕ್ಷೆಗಳಾದವು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಡಬೇಕು, ಜೀವ ಉಳಿಯುತ್ತದೆ, ಮಾತು ಹೋಗುತ್ತದೆ ಅಂದರು ಡಾಕ್ಟರು. ಅಮ್ಮನಿಗೆ ಓದು ಬರಹವೂ ಬಾರದು. ಆಪರೇಷನ್ನಿನ ದಿನವನ್ನು ಒಂದು ಸಲ ನನಗೋಸ್ಕರವೇ ಮುಂದಕ್ಕೆ ಹಾಕಿಸಿದ್ದರು. ಒಂದು ಫ್ಯಾಕ್ಟರಿಯಲ್ಲಿ ಯಂತ್ರಗಳ ಇಡೀ ಸಾಲೇ ನಿಂತುಹೋಗಿತ್ತು, ನನಗೆ ಬಿಡಿಸಿಕೊಂಡು ಬರಲು ಆಗಿರಲಿಲ್ಲ. ಅತ್ತಿಗೆ ಗೊಣಗಿದಳಂತೆ. ಅಮ್ಮ ಅವಳ ಮಾತನ್ನು ಕಿವಿಗೇ ಹಾಕಿಕೊಳ್ಳದೆ, "ಅವಳು ಬರ್ಲಿ. ನನಗೆ ಅವಳ ಹತ್ತಿರ ಮಾತಾಡೋದಿದೆ" ಅಂದಳಂತೆ.

"ಈಗಲೇ ಹೇಳಮ್ಮ, ಕೇಳಿಸ್ಕೋತೀನಿ," ಅಂದೆ ನಾನು ಫೋನಿನಲ್ಲಿ.

"ಫೋನಲ್ಲಿ ಹೇಳೋದಲ್ಲ. ಬಾ. ಬಾಯಿದ್ದಾಗಲೇ ಬಾ," ಅಂದಳು. ಆ ಹೊತ್ತಿಗಾಗಲೇ ಅವಳ ಮಾತು ಗಾಳಿಯಂತೆ ಉಸುಗುಡುತ್ತಿತ್ತು.

ಡಾಕ್ಟರು ಇನ್ನು ಮುಂದಕ್ಕೆ ಹಾಕುವ ಹಾಗಿಲ್ಲ ಅಂದರು. ಆಪರೇಷನ್ ಮಧ್ಯಾಹ್ನ. ನಾನು ಕೆಲಸ ಮುಗಿಸಿ ಆವತ್ತು ಬೆಳಗಿನ ವಿಮಾನಕ್ಕೆ ಬರುತ್ತೇನೆಂದೆ. "ಹಳದಿಯವರದ್ದು ಇನ್ನೂ ಮುಂಚೆ ಬರುತ್ತಂತೆ, ಅದರಲ್ಲೇ ಬಾ," ಅಂದ ಅಣ್ಣ. ನನಗೆ ರೇಗಿತು. "ನೀಲಿಯವರು ನನಗೆ ಯಾವತ್ತೂ ಕೈಕೊಟ್ಟಿಲ್ಲ. ನಿನ್ನ ಉಪದೇಶ ಬೇಡ," ಅಂದೆ.

ವಿಮಾನ ನಿಲ್ದಾಣದ ಗೇಟಿನ ಹತ್ತಿರ ನಿಂತಿದ್ದವಳು ನನಗೆ ಗೊತ್ತಿದ್ದ ಹುಡುಗಿಯೇ. ಒಂದು ಸಲ ಅವಳ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡು ಅಳುಮೋರೆ ಮಾಡಿಕೊಂಡಿದ್ದಾಗ ನಾನೇ ಬಿಚ್ಚಿ ಸರಿ ಮಾಡಿಕೊಟ್ಟಿದ್ದೆ. ಅಂದಿನಿಂದ ಕಂಡಾಗಲೆಲ್ಲ ಬಾಯಿ ತುಂಬ ಮಾತಾಡಿಸುತ್ತಿದ್ದಳು. ಆವತ್ತು ಮಾತ್ರ ನನ್ನ ಪಾಸು ಯಂತ್ರಕ್ಕೆ ತೋರಿಸಿದಾಗ ಕೆಂಪು ದೀಪ ಹತ್ತಿತು, ಅವಳು ತಲೆ ತಗ್ಗಿಸಿದಳು.

"ಮೇಡಂ, ಒಂದು ನಿಮಿಷ ಪಕ್ಕಕ್ಕೆ ಬರ್ತೀರಾ? ಫ್ಲೈಟು ತುಂಬಿಹೋಗಿದೆ. ಸೀಟಿಗಿಂತ ಹೆಚ್ಚು ಟಿಕೆಟ್ ಹೋಗಿಬಿಟ್ಟಿದೆ. ನೀವು ಮುಂದಿನದಕ್ಕೆ ಬರಬೇಕಾಗುತ್ತೆ."

"ಯಾಕೆ? ನಾನೇ ಯಾಕೆ?"

"ನೀವು ನಮ್ಮವರೇ ಅಲ್ವಾ ಮೇಡಂ. ಸ್ವಲ್ಪ ಅನುಸರಿಸಿಕೊಳ್ಳಿ."

ಅಮ್ಮನ ವಿಷಯ ಹೇಳಿದೆ. ಇನ್ನು ಕೆಲವು ಗಂಟೆಗಳಲ್ಲಿ ಅವಳ ಮಾತೇ ಹೋಗುತ್ತದೆ ಕಣಮ್ಮ ಅಂತ ಬಿಡಿಸಿ ಹೇಳಿದೆ. ಹುಡುಗಿಯ ಕಣ್ಣಲ್ಲಿ ನೀರು ಬಂತು. ನೀರು ಬಂದರೆ ಸೀಟು ಬರುತ್ತದೆಯೇ? ನನ್ನೆದುರಿಗೇ ಒಂದು ದೊಡ್ಡ ಗುಂಪು ನಗುತ್ತಾ, ಒಬ್ಬರ ಫೋಟೋ ಒಬ್ಬರು ತೆಗೆಯುತ್ತಾ ಒಳಗೆ ಹೋಯಿತು. ವಿಮಾನವನ್ನೇ ಮೊದಲ ಸಲ ಕಂಡವರಂತಿದ್ದರು.

"ಅವರಲ್ಲಿ ಒಬ್ಬರನ್ನ ಇಳಿಸು."

"ಅವರನ್ನ ಇಳಿಸಿದ್ರೆ ರಂಪ ಮಾಡ್ತಾರೆ ಮೇಡಂ. ಇನ್ನೊಂದು ಸಲ ನಮ್ಮ ಕಡೆ ತಲೆ ಹಾಕೋದಿಲ್ಲ." ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಯಾರಿಗೂ ಹೇಳಬೇಡಿ. ಯಾರು ಏನೇ ಆದ್ರೂ ಬಿಟ್ಟು ಹೋಗೋದಿಲ್ವೋ ಅವರನ್ನೇ ಮೊದಲು ಇಳಿಸಿ ಅಂತ ನಮಗೆ ಹೇಳಿಕೊಟ್ಟಿದಾರೆ. ಯಾರು ಅಂತ ಕಂಪ್ಯೂಟರೇ ಹೆಸರು ತೋರಿಸುತ್ತೆ. ಇವತ್ತು ನಿಮ್ಮ ಹೆಸರೇ ಮೇಲೆ ಬಂತು."

ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ಇಷ್ಟು ವರ್ಷ ನಿಯತ್ತಾಗಿ ಇದ್ದಿದ್ದಕ್ಕೆ ಸಿಕ್ಕ ಮರ್ಯಾದೆ ಇದು.

ಪಕ್ಕದ ಗೇಟಿನಲ್ಲಿ ಹಳದಿಯವರ ವಿಮಾನ ನಿಂತಿತ್ತು. ನಮ್ಮೂರಿಗೇ ಹೋಗುವಂಥದ್ದು, ಅಣ್ಣ ಹೇಳಿದ್ದು ಅದನ್ನೇ. ತಡವಾಗಿ ಆಗಷ್ಟೇ ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ಸೀಟು ಖಾಲಿ ಇತ್ತು. ನಾನು ಅತ್ತ ನೋಡಿದ್ದು ಕಂಡು ಹುಡುಗಿ, "ಮುಂದಿನದು ಬೇಗನೇ ಇದೆ ಮೇಡಂ. ನಿಮಗೆ ಮೊದಲನೇ ಸಾಲು ಕೊಡ್ತೀನಿ. ಪೆಟ್ಟಿಗೆನೂ ಅದಕ್ಕೇ ಹಾಕಿಸ್ತೀನಿ. ನಂಬಿ," ಅಂದಳು.

ನಂಬಿದೆ. ಅಲ್ಲೇ ಕಾಲು ಹೂತವಳಂತೆ ಕುಳಿತೆ. ಅಷ್ಟು ಅವಮಾನವಾದ ಮೇಲೂ, ಅಷ್ಟು ಕೇಳಿದ ಮೇಲೂ, ಎದ್ದು ಆ ಗೇಟಿಗೆ ಹೋಗಬೇಕು ಅನ್ನುವುದು ನನಗೆ ತೋಚಲೇ ಇಲ್ಲ. ಅವರ ಕಂಪ್ಯೂಟರು ನನ್ನನ್ನು ಸರಿಯಾಗಿಯೇ ಅಳೆದಿತ್ತು. ಹಳದಿ ವಿಮಾನ ನನ್ನ ಕಣ್ಣೆದುರೇ ಹಾರಿಹೋಯಿತು.

ಮುಂದಿನ ವಿಮಾನಕ್ಕೆ ಏನೋ ಕೆಟ್ಟಿತಂತೆ. ಈಗ ಆಗ ಅಂತ ಸತಾಯಿಸಿದರು, ತಿಂಡಿಯ ಕೂಪನ್ನು ಕೊಟ್ಟು ಮೂಗಿಗೆ ತುಪ್ಪ ಸವರಿದರು. ನಾನು ಅತ್ತಿಗೆಗೆ ಫೋನು ಮಾಡಿದೆ. ಅವಳು ಫೋನನ್ನು ಅಮ್ಮನ ಬಾಯ ಹತ್ತಿರ ಹಿಡಿದಳು. ಈ ಕಡೆ ಮೈಕಿನಲ್ಲಿ ಯಾವ್ಯಾವುದೋ ಊರಿನ ಹೆಸರು ಕೂಗುತ್ತಿದ್ದರು. ಆ ಗದ್ದಲದಲ್ಲಿ ಅಮ್ಮನ ಉಸಿರು ಬಿಟ್ಟರೆ ಏನೂ ಕೇಳಿಸಲಿಲ್ಲ.

"ಬಂದೆ ಕಣಮ್ಮ, ಬಂದೇಬಿಟ್ಟೆ. ನೀನು ನನ್ನಮ್ಮ ಅಲ್ವಾ, ಸ್ವಲ್ಪ ಕಾಯಿ," ಎಂದು ಕಿರುಚಿದೆ.

ನಾನು ಆಸ್ಪತ್ರೆ ಮುಟ್ಟಿದಾಗ ಅಮ್ಮನ ಮಂಚ ಖಾಲಿಯಾಗಿತ್ತು. ಹೊದಿಕೆ ಮಡಿಸಿಟ್ಟಿತ್ತು, ಅದರ ಮೇಲೆ ಅವಳ ಬಳೆ, ಕನ್ನಡಕ. ಅಣ್ಣ ಆಪರೇಷನ್ ಕೋಣೆಯ ಬಾಗಿಲಲ್ಲಿ ನಿಂತಿದ್ದ. ಅತ್ತಿಗೆ ಒಬ್ಬಳೇ ಸ್ಟೂಲಿನ ಮೇಲೆ ಕೂತಿದ್ದಳು. ಅತ್ತು ಅತ್ತು ಮುಖ ಬಾತುಕೊಂಡಿತ್ತು. ಅವಳು ಅತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

"ತಳ್ಳೋ ಮಂಚ ಬಂದು ನಿಂತ ಮೇಲೂ ಬಾಗಿಲ ಕಡೆನೇ ನೋಡ್ತಿದ್ರು," ಅಂದಳು. "ಇನ್ನೂ ಸ್ವಲ್ಪ ಹೊತ್ತು ಅಂತ ನರ್ಸಿಗೆ ಕೈ ಮುಗಿದ್ರು. ಆಮೇಲೆ ನನ್ನನ್ನ ಹತ್ತಿರ ಕರೆದ್ರು."

"ಇವಳೇ ಅಂತಾನಾ?" ನನಗೆ ತಡೆಯಲಾಗಲಿಲ್ಲ.

"ಇಲ್ಲ. ಹೆಸರು ಹಿಡಿದು."

ನಾನು ಗೋಡೆಗೆ ಒರಗಿ ನಿಂತೆ. "ನನಗೆ ಏನು ಹೇಳು ಅಂದ್ಲು ಅಮ್ಮ, ಅತ್ತಿಗೆ?"

ಅತ್ತಿಗೆ ನನ್ನನ್ನೇ ನೋಡಿದಳು. ಅವಳ ಮುಖದಲ್ಲಿ ಗೆದ್ದ ಗರ್ವ ಇರಬಹುದೇ ಅಂತ ಹುಡುಕಿದೆ, ಇರಲಿಲ್ಲ. ಇದ್ದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

"ನಿನಗೆ ಹೇಳು ಅಂತ ಏನೂ ಹೇಳಲಿಲ್ಲ ಕಣಮ್ಮ," ಅಂದಳು. "ನನ್ನ ಹತ್ತಿರ ನನ್ನ ವಿಷಯಾನೇ ಮಾತಾಡಿದ್ರು. ಇಷ್ಟು ವರ್ಷಕ್ಕೆ ಒಂದು ಸಲ. ಅದನ್ನ ನಾನು ಯಾರಿಗೂ ಹೇಳೋದಿಲ್ಲ, ತಪ್ಪು ತಿಳ್ಕೋಬೇಡ."

ಇಷ್ಟು ಹೊತ್ತಿಗೆ ಫೋನಿನ ಆ ಕಡೆ ಜೇನು ಸುರಿಯುವುದು ನಿಂತಿತ್ತು. ಹುಡುಗಿ ಇದ್ದಾಳೋ ಇಟ್ಟುಬಿಟ್ಟಳೋ ಅನ್ನಿಸಿ, "ಕೇಳ್ತಿದೀಯಾ?" ಅಂದೆ. "ಕೇಳ್ತಿದೀನಿ ಮೇಡಂ," ಅಂದಳು ಮೆಲ್ಲಗೆ. ಆಸ್ಪತ್ರೆ ಮುಟ್ಟುವಾಗ ತಡವಾಗಿತ್ತು ಅನ್ನುವವರೆಗೆ ಅವಳಿಗೆ ಹೇಳಿದ್ದೆ. ಅತ್ತಿಗೆಯ ಮಾತು ಹೇಳಲಿಲ್ಲ.

ಆ ಫೋನು ಬಂದಾಗ ನಾನು ಅಣ್ಣನ ಮನೆಯಲ್ಲಿ ಅಮ್ಮನ ಪಕ್ಕದಲ್ಲೇ ಕೂತಿದ್ದೆ. ಈಗ ರಜೆ ಸಿಕ್ಕಾಗಲೆಲ್ಲ ಬರುತ್ತೇನೆ. ಪೆಟ್ಟಿಗೆಗೆ ದುಡ್ಡು ಕಟ್ಟಿ, ತಕರಾರು ಕೇಳಿಸಿಕೊಂಡು, ಹಳದಿ ವಿಮಾನದಲ್ಲೇ ಬರುತ್ತೇನೆ. ಅಲ್ಲಿ ಯಾರಿಗೂ ನಾನು ಯಾರೆಂದು ಗೊತ್ತಿಲ್ಲ, ಅದೇ ನೆಮ್ಮದಿ. ಅಮ್ಮ ಚೇತರಿಸಿಕೊಂಡಿದ್ದಾಳೆ. ಕುತ್ತಿಗೆಯ ತೂತಿನ ಮುಂದೆ ತೆಳ್ಳನೆ ಬಟ್ಟೆಯ ತುಂಡು ಕಟ್ಟಿಕೊಂಡು ಕಿಟಕಿಯ ಹತ್ತಿರ ಕೂರುತ್ತಾಳೆ. ನನ್ನನ್ನು ಕಂಡರೆ ನಗುತ್ತಾಳೆ, ತಲೆ ಸವರುತ್ತಾಳೆ, ಯಾವುದಕ್ಕೂ ಕಡಿಮೆ ಇಲ್ಲ. "ಏನಮ್ಮ ಹೇಳಬೇಕು ಅಂತಿದ್ದೆ ಆವತ್ತು?" ಅಂತ ಒಂದು ಸಲ ಕೇಳಿದ್ದೆ. ಹೇಳಾಯಿತು ಅನ್ನುವಂತೆ ಕೈಯಾಡಿಸಿ, ಅಡುಗೆಮನೆಯ ಕಡೆ ತೋರಿಸಿ, ಕಿಟಕಿಯ ಕಡೆ ತಿರುಗಿಕೊಂಡಳು.

ಯಾರನ್ನಾದರೂ ಕರೆಯಬೇಕಾದರೆ ಅವಳು ಚಮಚದಿಂದ ಲೋಟಕ್ಕೆ ತಟ್ಟುತ್ತಾಳೆ. ಫೋನು ನನ್ನ ಕಿವಿಯಲ್ಲಿರುವಾಗಲೇ ತಟ್ಟಿದಳು. ನಾನು ಎದ್ದು ಬಗ್ಗಿ, "ಏನು ಬೇಕಮ್ಮ? ನೀರಾ?" ಅಂದೆ. ಅವಳು ನನ್ನ ಕೆನ್ನೆ ತಟ್ಟಿ, ಬೇಡ ಅನ್ನುವಂತೆ ತಲೆಯಾಡಿಸಿದಳು. ಮತ್ತೆ ಲೋಟಕ್ಕೆ ತಟ್ಟಿದಳು, ಜೋರಾಗಿ, ನನ್ನನ್ನು ದಾಟಿ ಅಡುಗೆಮನೆಯ ಕಡೆ ನೋಡುತ್ತಾ. ಅತ್ತಿಗೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದಳು. "ಬಂದೆ ಬಂದೆ, ಅದೇನು ಅವಸರವೋ ನಿಮಗೆ," ಎಂದು ಗದರಿಸುತ್ತಲೇ ಅಮ್ಮನ ಬೆನ್ನ ಹಿಂದಿನ ದಿಂಬನ್ನು ಒಂದಿಷ್ಟು ಕೆಳಕ್ಕೆ ಎಳೆದಳು. ಅಷ್ಟೇ ಬೇಕಾಗಿದ್ದುದು. ಅಮ್ಮನ ಮುಖ ಸಡಿಲಾಯಿತು. ನಾನು ದಾರಿಗಡ್ಡ ನಿಂತಿದ್ದೆ ಅಂತ ಪಕ್ಕಕ್ಕೆ ಸರಿದೆ.

"ಮೇಡಂ," ಅಂದಳು ಫೋನಿನ ಹುಡುಗಿ. "ತುಂಬ ಬೇಜಾರಾಯ್ತು ಮೇಡಂ. ಇದೊಂದೇ ಪ್ರಶ್ನೆ ಉಳಿದಿರೋದು, ಕೇಳಲೇಬೇಕು. ನೀವು ಮತ್ತೆ ನಮ್ಮ ಕಡೆಗೆ ಬರಬೇಕಾದ್ರೆ ನಾವು ಏನು ಮಾಡಬೇಕು?"

ಅತ್ತಿಗೆ ಅಮ್ಮನ ತಲೆ ಬಾಚಲು ಶುರು ಮಾಡಿದ್ದಳು. ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು.

"ದೂರ ಆದವರನ್ನ ಮತ್ತೆ ಹೇಗೆ ಹತ್ತಿರ ಮಾಡ್ಕೊಳ್ಳೋದು ಅಂತ ನಂಗೂ ಗೊತ್ತಿಲ್ಲ ಕಣಮ್ಮ," ಅಂದೆ. "ಯಾರಾದ್ರೂ ಉತ್ತರ ಹೇಳಿದ್ರೆ ನಂಗೂ ಒಂದು ಫೋನ್ ಮಾಡು."