ಎಲ್ಲೆ ದಾಟದ ಕೋವಿ

ಬಂಡಳ್ಳಿಯ ಚಿಕ್ಕಸಿದ್ದಯ್ಯನ ಹತ್ತಿರ ಲೈಸೆನ್ಸಿನ ಕೋವಿ ಇತ್ತು, ಜೋಳದ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲಿಕ್ಕೆ. ಆರು ವರ್ಷದ ಹಿಂದೆ ಹಳ್ಳದಾಚೆಯ ಊರಿನವರು, ತಮ್ಮ ಮಕ್ಕಳು ದನ ಮೇಯಿಸುವ ಜಾಗವೆಂದು, ಅಲ್ಲಿಗೆ ಯಾರೂ ಕೋವಿ ತರಬಾರದೆಂಬ ಕಟ್ಟು ಮಾಡಿಕೊಂಡರು. ಇವನನ್ನು ಯಾರೂ ಕರೆದಿರಲಿಲ್ಲ. ಆದರೂ ಹೋಗಿ ಕರ್ಪೂರ ಹಚ್ಚಿ, "ಮಾದಪ್ಪನಾಣೆ, ನನ್ ಕೋವಿ ಈ ಹಳ್ಳ ದಾಟಕಿಲ್ಲ, ಈ ಕಡೀಕೆ ಗುರಿನೂ ಇಡಕಿಲ್ಲ" ಅಂದುಬಿಟ್ಟ.

ಊರವರು ಸುಮ್ಮನೆ ಬಿಡುತ್ತಾರೆಯೇ? ಅಂದಿನಿಂದ ಅವನು ಪುಕ್ಕಲು ಸಿದ್ದಯ್ಯ. ಟೀ ಅಂಗಡಿಯಲ್ಲಿ ಕೂತರೆ ಮಾದಣ್ಣ, "ಕೋವಿ ಇಟ್ಕಂಡು ಎದ್ರುತೀಯಲ್ಲೋ" ಎಂದು ಕಾಲೆಳೆಯುತ್ತಿದ್ದ. ಉತ್ತರ ತೋಚದೆ ಇವನು ಒಳಗೊಳಗೇ ಕುದಿಯುತ್ತಿದ್ದ.

ಇವತ್ತು ಕೊಳ್ಳೇಗಾಲದ ಕಾಲೇಜಿನ ಭಾಷಣ ಸ್ಪರ್ಧೆಯಲ್ಲಿ ಮೊಮ್ಮಗಳು ದೀಪಶ್ರೀಯ ಸರದಿ. ಇವನು ಹತ್ತಿದ ಬಸ್ಸಿನಲ್ಲೇ ಬಂದ ಮಾದಣ್ಣನೂ ಹಿಂದಿನ ಬೆಂಚಿನಲ್ಲಿ ಪಕ್ಕಕ್ಕೇ ಕುಳಿತಿದ್ದ, ಹಾಳಾದವನು.

"ಆಗ್ನೇಯ ಏಷ್ಯಾದ ದೇಶಗಳು ತಮ್ಮಲ್ಲಿ ಅಣ್ವಸ್ತ್ರ ಬೇಡವೆಂದು ಒಪ್ಪಂದ ಮಾಡಿಕೊಂಡಿವೆ. ಆ ವಲಯವನ್ನು ಗೌರವಿಸುತ್ತೇವೆ ಎಂದು ನಮ್ಮ ಸರ್ಕಾರ ಹೇಳಿದೆ" ಎಂದು ಹುಡುಗಿ ಮುಗಿಸಿದಳು.

ತೀರ್ಪುಗಾರರು ಕೇಳಿದರು: "ಅಣ್ವಸ್ತ್ರ ನಮ್ಮ ಹತ್ತಿರವೇ ಇದೆಯಲ್ಲಮ್ಮ. ಬೇಡ ಎನ್ನುವವರಿಗೆ ತಲೆಬಾಗುವುದು ಪುಕ್ಕಲುತನ ಅಲ್ಲವೇ?"

ದೀಪಶ್ರೀ ಚೀಟಿ ನೋಡಿದಳು. ಚೀಟಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅಯ್ಯೋ ಮಾದಪ್ಪ, ನನ್ನ ಹಾಗೇ ಇವಳೂ ಮಾತು ತೋಚದೆ ನಿಲ್ಲುತ್ತಾಳಲ್ಲ ಎಂದು ಅಜ್ಜ ಬೆಂಚಿನ ತುದಿಗೆ ಜರುಗಿದ.

"ಸಾ, ನಮ್ ತಾತನ ಹತ್ರ ಕೋವಿ ಐತೆ."

ಸಭೆ ಗೊಳ್ಳೆಂದಿತು. ಮಾದಣ್ಣ ಮೊಣಕೈಯಲ್ಲಿ ತಿವಿದ. ಹುಡುಗಿ ಮಾತ್ರ ಹಳ್ಳದಾಚೆಯ ಕಟ್ಟು, ಕರ್ಪೂರದ ಆಣೆ ಎಲ್ಲವನ್ನೂ ಹೇಳಿದಳು.

"ಹೋದ್ವರ್ಸ ಹಂದಿ ನಮ್ ಜೋಳ ತಿಂದು ಹಳ್ಳ ದಾಟ್ತು ಸಾ. ತಾತ ದಂಡೇಲಿ ನಿಂತು ಕೋವಿ ಎತ್ತುದ್ರು. ಆಮೇಲೆ ಇಳಿಸ್ಬುಟ್ರು. ಅಲ್ಲಿ ಯಾರೂ ಇರ್ನಿಲ್ಲ, ನಾನೊಬ್ಳೇ ಇದ್ದುದ್ದು. ಕೋವಿ ಇಲ್ಲದೋರು ಆಣೆ ಮಾಡುದ್ರೆ ಏನ್ ದೊಡ್ಡದು? ಇದ್ದೋರು ಮಾಡಿ, ಯಾರೂ ನೋಡ್ದೇ ಇದ್ದಾಗ್ಲೂ ಉಳಿಸ್ಕಬೇಕು. ಅದುಕ್ಕೆ ಪುಕ್ಕಲುತನ ಅಂತಾರಾ ಸಾ?"

ತೀರ್ಪುಗಾರರೇ ಮೊದಲು ಚಪ್ಪಾಳೆ ತಟ್ಟಿದರು.

ಚಿಕ್ಕಸಿದ್ದಯ್ಯನ ಕಣ್ಣು ತುಂಬಿತ್ತು. ಹೆಮ್ಮೆಯೋ ಹೆಮ್ಮೆ! ಅಂದು ಕೋವಿ ಇಳಿಸುವಾಗ ಅವಳು ಗಮನಿಸಿದ್ದಳೆಂಬುದೇ ಅವನಿಗೆ ಗೊತ್ತಿರಲಿಲ್ಲ.

ಮುಂದಿನ ಸಾಲಿನವರು "ಯಾರ್ರೀ ಆ ತಾತ?" ಎಂದು ಹಿಂತಿರುಗಿ ನೋಡಿದರು. ಮಾದಣ್ಣ ಎದ್ದು ನಿಂತ.

"ಇವ್ರೇ ಕಣ್ರಿ, ನಮ್ಮೂರ ಸಿದ್ದಯ್ಯನೋರು" ಅಂದ.