ಐತಾರದ ಉಪವಾಸ

ಬೀದರಿನ ರಿಂಗ್ ರಸ್ತೆಯಲ್ಲಿ ಹೊಸದಾಗಿ ತೆರೆದಿದ್ದ ಬಫೆ ಹೋಟೆಲಿನೊಳಗೆ ಕಾಲಿಟ್ಟ ಬಕ್ಕಪ್ಪ, ಗೋಡೆಯುದ್ದಕ್ಕೂ ಮುಚ್ಚಳ ಹಾಕಿ ಇಟ್ಟಿದ್ದ ಪಾತ್ರೆಗಳ ಸಾಲು ನೋಡಿ, "ಯಾರದ ಲಗ್ನ ಅದ ಇಲ್ಲಿ?" ಎಂದು ಕೇಳಿದ.

"ಲಗ್ನ ಇಲ್ಲ ಚಾಚಾ, ರೋಜ್ ಹಿಂಗೇ ಇರ್ತದ," ಎಂದ ಮೇಜು ನೋಡಿಕೊಳ್ಳುವ ಕಲೀಮ.

"ರೋಜ್ ಇಷ್ಟು ತಿಂತಾರ?"

"ತಿಂದಷ್ಟು ತಿಂತಾರ. ಬಿಟ್ಟಷ್ಟು ಬಿಡ್ತಾರ."

ಬಕ್ಕಪ್ಪ ನಗಲಿಲ್ಲ. ಠಾಣಾ ಕುಶನೂರಿನಿಂದ ಬಸ್ಸಿನಲ್ಲಿ ಬರುವಾಗಲೇ ಅವನ ಮೋರೆ ಬಿಗಿದಿತ್ತು. ಮಗಳು ಮೇಘಾಳನ್ನು ನೋಡಲು ಭಾಲ್ಕಿಯಿಂದ ಗಂಡಿನವರು ಬರುವವರಿದ್ದರು. ಹಳ್ಳಿಗೆ ಬರುವ ಬದಲು ಈ ಹೋಟೆಲನ್ನು ಗೊತ್ತು ಮಾಡಿದವರೂ ಅವರೇ. ಗಂಡು ಸಂಜುಕುಮಾರ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಮೇಘಾ ಔರಾದಿನ ಖಾಸಗಿ ಶಾಲೆಯಲ್ಲಿ ಟೀಚರು. ವಯಸ್ಸು ಇಪ್ಪತ್ತೆಂಟು ದಾಟಿತ್ತು. ಇದಕ್ಕೆ ಮುಂಚೆ ಎರಡು ಸಂಬಂಧಗಳು ಕೂಡಿಬಂದು ಮುರಿದಿದ್ದವು. ಎರಡು ಸಲವೂ ಕಾರಣ ಒಂದೇ. ಹುಡುಗಿಯ ತಾಯಿ ಲಲಿತಾಬಾಯಿಗೆ ಶುಗರ್ ಇದೆ, ದಿನಾ ಸೂಜಿ ಬೇಕು ಎಂದು ಊರಿನವರು ಯಾರೋ ಹೇಳಿಬಿಟ್ಟಿದ್ದರು. ತಾಯಿಗೆ ಇದ್ದದ್ದು ಮಗಳಿಗೆ ಬರುತ್ತದೆ, ಮಗಳಿಗೆ ಬಂದದ್ದು ಮೊಮ್ಮಕ್ಕಳಿಗೆ ಬರುತ್ತದೆ ಎಂದು ಆ ಗಂಡಿನ ಕಡೆಯವರು ಬೇರೆ ಮನೆ ನೋಡಿಕೊಂಡರು. ಈ ಸಲ ಆ ಮಾತು ಹೊರಬೀಳಬಾರದು ಎಂದು ಬಕ್ಕಪ್ಪ ಹೆಂಡತಿ ಮಗಳಿಬ್ಬರಿಗೂ ಹೇಳಿ ಕರೆತಂದಿದ್ದ.

ಅವರು ಮೇಜಿಗೆ ಕೂತ ಸ್ವಲ್ಪ ಹೊತ್ತಿಗೆ ಗಂಡಿನ ಸೋದರಮಾವ ಫೋನ್ ಮಾಡಿದ. "ಹಲಬರ್ಗಾ ದಾಟೀವ್ರಿ. ಬಂದೇ ಬಿಟ್ಟೀವಿ ಅಂತ ತಿಳೀರಿ."

ಮೇಘಾ ತಾಯಿಯನ್ನು ಬಚ್ಚಲಿಗೆ ಕರೆದೊಯ್ದಳು. ಚಿಲಕ ಹಾಕಿ, ಟಿಫಿನ್ ಡಬ್ಬಿಯೊಳಗಿಂದ ಇನ್ಸುಲಿನ್ ತೆಗೆದು, ಸೀರೆ ಸರಿಸಿ ಹೊಟ್ಟೆಗೆ ಸೂಜಿ ಚುಚ್ಚಿದಳು. ಇದು ಅವಳ ದಿನದ ಕೆಲಸ. ಲಲಿತಾಬಾಯಿಗೆ ಸ್ವಂತ ಮೈಗೆ ಚುಚ್ಚಿಕೊಳ್ಳುವ ಧೈರ್ಯ ಎಂದೂ ಬಂದಿರಲಿಲ್ಲ. ಸೂಜಿ ಆದ ಅರ್ಧ ತಾಸಿನೊಳಗೆ ಊಟ ಆಗಲೇಬೇಕು, ತಪ್ಪಿದರೆ ಶುಗರ್ ಇಳಿದು ಎಚ್ಚರ ತಪ್ಪಿ ಬಿದ್ದುಹೋಗುತ್ತಾಳೆ ಎಂದು ಡಾಕ್ಟರು ಒತ್ತಿ ಹೇಳಿದ್ದರು.

ಆದರೆ ಗಂಡಿನವರು ಬರಲಿಲ್ಲ. ಮತ್ತೆ ಫೋನ್ ಬಂತು.

"ಇವತ್ತು ಐತಾರ ನೋಡ್ರಿ. ದಾರಿಯೊಳಗ ಮೈಲಾರ ಮಲ್ಲಣ್ಣ ಇದ್ದಾನ. ಅವನ ದರ್ಶನ ಬಿಟ್ಟು ಹೆಣ್ಣ ನೋಡ್ಲಿಕ್ಕ ಹೋದ್ರ ಹ್ಯಾಂಗ? ಪಾಳಿ ಸ್ವಲ್ಪ ಉದ್ದ ಅದ."

"ಆಗ್ಲಿರಿ, ಆಗ್ಲಿರಿ. ಮಲ್ಲಣ್ಣನ ಕೆಲಸ ಮೊದಲು," ಎಂದ ಬಕ್ಕಪ್ಪ. ಭಾನುವಾರ ಮಲ್ಲಣ್ಣನ ವಾರ, ಗುಡಿಯಲ್ಲಿ ಜನ ಹೆಚ್ಚು.

ಮೇಘಾ ಎದ್ದಳು. ಸಿಹಿಯ ಸಾಲಿಗೆ ಹೋಗಿ ಬಟ್ಟಲಲ್ಲಿ ಎರಡು ಜಿಲೇಬಿ ತಂದು ತಾಯಿಯ ಮುಂದೆ ಇಟ್ಟಳು. ಬಕ್ಕಪ್ಪ ಬಟ್ಟಲನ್ನು ಮೇಜಿನ ಆ ತುದಿಗೆ ನೂಕಿದ.

"ಬೀಗರು ತಾಟಿಗಿ ಕೈ ಹಚ್ಚೂ ಮೊದಲು ಹೆಣ್ಣಿನ ಕಡಿಯವರು ತಿಂತಾರೇನು?"

"ಅಪ್ಪಾ, ಸೂಜಿ ಆಗ್ಯಾದ."

"ಮೆಲ್ಲಕ ಮಾತಾಡು. ಅವರು ಬಾಗಿಲದಾಗ ನಿಂತು ನೋಡಿದ್ರು ಅಂದ್ರ, ಹಸದು ಬಂದ ಮಂದಿ, ನಮ್ಮ ಹಾದಿ ಸೈತ ನೋಡಿಲ್ಲ ಅಂತಾರ. ಒಂದು ಜಿಲೇಬಿ ಸಲುವಾಗಿ ಸಂಬಂಧ ಕಳಕೋತೀ?"

"ನಾ ಆರಾಮ ಇದ್ದೇನಿ, ಸುಮ್ನ ಕೂಡು," ಎಂದಳು ಲಲಿತಾಬಾಯಿ.

ಮೇಘಾ ಕೂತಳು. ಈ ಸಂಬಂಧ ಅವಳಿಗೂ ಬೇಕಾಗಿತ್ತು. ಸಂಜುಕುಮಾರನ ಜೊತೆ ಎರಡು ಸಲ ಫೋನಿನಲ್ಲಿ ಮಾತಾಡಿದ್ದಳು. ಮದುವೆಯಾದ ಮೇಲೂ ಶಾಲೆ ಬಿಡಬೇಕಾಗಿಲ್ಲ ಎಂದು ಅವನಾಗಿಯೇ ಹೇಳಿದ್ದ. ಅಂಥ ಮಾತು ಹೇಳಿದವನು ಅವನೊಬ್ಬನೇ. ಇನ್ನೇನು ಬಂದುಬಿಡುತ್ತಾರೆ ಎಂದು ಅವಳು ಬಾಗಿಲ ಕಡೆ ನೋಡುತ್ತ ಕೂತಳು. ಅಕ್ಕಪಕ್ಕದ ಮೇಜುಗಳಲ್ಲಿ ಜನ ಎರಡನೆಯ ಸಲ, ಮೂರನೆಯ ಸಲ ತಾಟು ತುಂಬಿಸಿಕೊಂಡು ಬರುತ್ತಿದ್ದರು. ಒಬ್ಬ ಬಿರ್ಯಾನಿಯ ಮೇಲೆ ಐಸ್‌ಕ್ರೀಮಿನ ಬಟ್ಟಲು ಇಟ್ಟುಕೊಂಡು ಹೋದ.

ಕಲೀಮ ಬಂದು ಇಣುಕಿದ. "ಖಾನಾ ಚಾಲೂ ಮಾಡ್ರಿ ಚಾಚಾ. ಆಮೇಲೆ ಕೌಂಟರ್ ಬಂದ್ ಆಯ್ತಂದ್ರ ನನಗ ಬೈಬ್ಯಾಡ್ರಿ."

"ನಮ್ಮ ಮಂದಿ ಬರೋರು ಇದ್ದಾರ."

"ನಿಮ್ಮ ಮಂದಿ ಬರೂತನ ಇವರು ಪಾತ್ರಿ ಸೈತ ತಿಂತಾರ ನೋಡ್ರಿ," ಎಂದು ಅವನು ಪಕ್ಕದ ಮೇಜಿನತ್ತ ಕಣ್ಣು ತಿರುಗಿಸಿ ಹೋದ.

ಗಂಡಿನವರು ಬಂದಾಗ ಮೂವರ ಹಣೆಯ ಮೇಲೂ ಮಲ್ಲಣ್ಣನ ಗುಡಿಯ ಭಂಡಾರದ ಅರಿಶಿನ ದಪ್ಪಗೆ ಮೆತ್ತಿತ್ತು. ಸಂಜುಕುಮಾರ, ಅವನ ತಾಯಿ ಸಿದ್ದೇಶ್ವರಿ, ಸೋದರಮಾವ. ಸಿದ್ದೇಶ್ವರಿ ಭಂಡಾರದ ಪೊಟ್ಟಣ ಬಿಚ್ಚಿ ಮೊದಲು ಬಕ್ಕಪ್ಪನಿಗೆ, ಆಮೇಲೆ ಮೇಘಾಳಿಗೆ ಹಚ್ಚಿದಳು. ಲಲಿತಾಬಾಯಿಯ ಹಣೆಗೆ ಬೆರಳು ಇಟ್ಟವಳು ತಟ್ಟನೆ ಕೈ ಹಿಂದಕ್ಕೆ ತೆಗೆದಳು. ಹಣೆ ಬೆವರಿನಿಂದ ತೊಯ್ದಿತ್ತು. ಮೇಲೆ ಎಸಿ ಬುಸುಗುಡುತ್ತಿತ್ತು.

"ಯಾಕ್ರಿ ಅಕ್ಕೋರ, ಆರಾಮ ಇಲ್ಲೇನು?"

ಲಲಿತಾಬಾಯಿ ಉತ್ತರ ಕೊಡಲು ಹೋದಳು. ನಾಲಿಗೆ ದಪ್ಪವಾಗಿ ಮಾತು ಅರ್ಧ ಬಾಯಲ್ಲೇ ಉಳಿಯಿತು. ಗ್ಲಾಸು ಹಿಡಿಯಲು ಚಾಚಿದ ಕೈ ಗ್ಲಾಸಿನ ಪಕ್ಕದ ಗಾಳಿ ಹಿಡಿಯಿತು. ಸೋದರಮಾವ ಅದನ್ನು ನೋಡಿದ. ಅಕ್ಕನ ಕಿವಿಗೆ ಹೇಳಿದಂತೆ ಮಾಡಿ ಎಲ್ಲರಿಗೂ ಕೇಳುವಂತೆ ಹೇಳಿದ, "ನಿನ್ನಿ ರಾತ್ರಿಯ ಶಿಂಧಿ ಇನ್ನಾ ಇಳದಿಲ್ಲ ಅನ್ಸತದ."

ಬಕ್ಕಪ್ಪನ ಮುಖ ಕಪ್ಪಿಟ್ಟಿತು. ಹೆಂಡತಿ ಕುಡಿಯುತ್ತಾಳೆ ಎಂದು ಒಪ್ಪುವಂತಿರಲಿಲ್ಲ, ಶುಗರ್ ಇದೆ ಎಂದು ಹೇಳುವಂತಿರಲಿಲ್ಲ. ಮೂರನೆಯದೊಂದು ಬೇಕಾಗಿತ್ತು. ಅವನ ಕಣ್ಣೆದುರಿಗೆ ಮೂರು ಹಳದಿ ಹಣೆಗಳಿದ್ದವು.

"ಹಂಗ ಅನಬ್ಯಾಡ್ರಿ. ಆಕಿಗಿ ಉಪವಾಸ ಅದ. ಮಲ್ಲಣ್ಣನ ಐತಾರ ಹಿಡದಾಳ. ಹೊತ್ತು ಮುಳುಗೂತನ ಬಾಯಾಗ ಏನೂ ಹಾಕಂಗಿಲ್ಲ."

"ನೀರ್ ಸೈತ?"

"ನೀರ್ ಸೈತ."

ಸಿದ್ದೇಶ್ವರಿಯ ಕಣ್ಣು ಅರಳಿದವು. ತಮ್ಮನನ್ನು ಗದರಿಸಿದಳು. "ಬಾಯಿಗಿ ಬಂದಂಗ ಮಾತಾಡ್ತೀ. ಕಾಲಿಗಿ ಬೀಳು ಅವರ." ಆಮೇಲೆ ಲಲಿತಾಬಾಯಿಯ ಮುಂದಿದ್ದ ನೀರಿನ ಗ್ಲಾಸನ್ನು ತಾನೇ ಎತ್ತಿ ದೂರ ಇಟ್ಟಳು. ಮೇಜಿನ ತುದಿಯಲ್ಲಿದ್ದ ಜಿಲೇಬಿಯ ಬಟ್ಟಲನ್ನೂ ಕಲೀಮನ ಕೈಗೆ ಕೊಟ್ಟಳು. "ಒಯ್ರಿ ಇದನ್ನ. ಉಪವಾಸದವರ ಕಣ್ಣಮುಂದ ಇಡಬಾರದು."

ಮೇಘಾ ತಂದೆಯನ್ನು ನೋಡಿದಳು. ಅವನು ನೋಡಲಿಲ್ಲ.

"ಏಳು ಮೇಘಿ. ಬೀಗರಿಗಿ ಬಡಿಸು," ಎಂದ.

"ಇಲ್ಲಿ ತಾವೇ ಹಾಕ್ಕೋಬೇಕಂತಲ್ಲ?" ಎಂದಳು ಸಿದ್ದೇಶ್ವರಿ.

"ನಾವಿದ್ದು ನೀವು ಹಾಕ್ಕೋತೀರಿ? ಕೂಡ್ರಿ."

ಹೀಗೆ, ಎಲ್ಲರೂ ತಮ್ಮ ತಾಟು ತಾವೇ ತುಂಬಿಸಿಕೊಳ್ಳುವ ಆ ಹೋಟೆಲಿನಲ್ಲಿ ಬಕ್ಕಪ್ಪ ಮತ್ತು ಮೇಘಾ ಎರಡು ಕೈಯಲ್ಲಿ ತಾಟು ಹಿಡಿದು ಗಂಡಿನವರಿಗೆ ಹೊತ್ತು ಹಾಕಿದರು. ಬಿರ್ಯಾನಿ, ರೊಟ್ಟಿ, ಬದನೆಕಾಯಿ, ಮಟನ್. ಸೋದರಮಾವನಿಗೆ ಮಟನ್ನಿನಲ್ಲಿ ಎಲುಬು ಬೇಡವಾಗಿತ್ತು. ಮೇಘಾ ಮತ್ತೆ ಹೋದಳು. ಮೇಘಾ ಮುಚ್ಚಳ ಎತ್ತುವಾಗ ಸಂಜುಕುಮಾರ ಪಕ್ಕದಲ್ಲಿ ಬಂದು ನಿಂತ.

"ನಮ್ಮ ಅವ್ವಗ ನಿಮ್ಮ ಅವ್ವ ಭಾಳ ಮನಸಿಗಿ ಬಂದಾರ," ಎಂದ. "ಆಗ್ತದ ಅನ್ಸತದ ನನಗ."

ಹೇಳಿಬಿಡಬೇಕೆಂದು ಮೇಘಾ ಬಾಯಿ ತೆರೆದಳು. ಅವನು ನಗುತ್ತಿದ್ದ. ಹೇಳಿದರೆ ಆ ನಗು ಹೋಗುತ್ತದೆ, ಆಮೇಲೆ ಔರಾದಿಗೆ ಅದೇ ದಿನದ ಬಸ್ಸು, ನಾಲ್ಕನೆಯ ಗಂಡು, ಐದನೆಯ ಗಂಡು. ಅವರ ಊಟ ಆಗಿಬಿಡಲಿ, ಬೇಗ ಎಬ್ಬಿಸಿ ಕಳಿಸಿ ತಾಯಿಗೆ ತಿನ್ನಿಸಿದರಾಯಿತು ಎಂದುಕೊಂಡಳು. "ಎಲುಬಿಲ್ಲದ್ದು ಯಾವುದು ನೋಡ್ರಿ," ಎಂದು ಚಮಚ ಅವನ ಕೈಗೆ ಕೊಟ್ಟಳು.

ಮೇಜಿಗೆ ಮರಳಿದಾಗ ಲಲಿತಾಬಾಯಿ ಮೇಜಿನ ಬಟ್ಟೆಯ ಅಂಚನ್ನು ಬೆರಳಲ್ಲಿ ಹಿಂಜುತ್ತಿದ್ದಳು. ಕಣ್ಣು ತೆರೆದೇ ಇದ್ದವು, ಯಾರನ್ನೂ ನೋಡುತ್ತಿರಲಿಲ್ಲ. ಕತ್ತು ಒಂದು ಕಡೆ ವಾಲಿತ್ತು.

"ಮಲ್ಲಣ್ಣ ಮೈಮ್ಯಾಲ ಬಂದಾನೇನು?" ಎಂದು ಸಿದ್ದೇಶ್ವರಿ ಕೈಮುಗಿದಳು.

ಮೇಘಾ ತಾಟನ್ನು ಮೇಜಿನ ಮೇಲೆ ಇಟ್ಟಳೋ ಬೀಳಿಸಿದಳೋ ಅವಳಿಗೇ ತಿಳಿಯಲಿಲ್ಲ. ಸಿಹಿಯ ಸಾಲಿಗೆ ಓಡಿ ಗುಲಾಬ್ ಜಾಮೂನಿನ ಪಾಕವನ್ನು ಬಟ್ಟಲಿಗೆ ಮೊಗೆದಳು. ಬಂದು ತಾಯಿಯ ತಲೆ ಎದೆಗೆ ಒತ್ತಿ ಬಟ್ಟಲನ್ನು ತುಟಿಗೆ ಹಿಡಿದಳು.

ಬಕ್ಕಪ್ಪ ಅವಳ ಮಣಿಕಟ್ಟು ಹಿಡಿದ. "ಏನ್ ಮಾಡ್ಲತ್ತೀ?"

"ಬಿಡು."

"ಉಪವಾಸ ಅದ ಆಕಿಗಿ."

"ಉಪವಾಸ ಇಲ್ಲರಿ," ಎಂದಳು ಮೇಘಾ, ತಂದೆಗಲ್ಲ, ಸಿದ್ದೇಶ್ವರಿಗೆ. "ಶುಗರ್ ಅದ. ಸೂಜಿ ನಾನೇ ಮಾಡೇನಿ, ನೀವು ಹಲಬರ್ಗಾದಾಗ ಇದ್ದಾಗ. ಅವಾಗಿಂದ ಉಪಾಶಿ ಕೂತಾಳ."

ಉತ್ತರ ಕೊಟ್ಟವಳು ಲಲಿತಾಬಾಯಿ. ಅಷ್ಟು ಮಂಪರಿನಲ್ಲೂ ಅವಳು ಹಲ್ಲು ಕಚ್ಚಿದ್ದಳು. ಹಲ್ಲಿನ ಸಂದಿಯಿಂದ ತೊದಲಿದಳು, "ನಿಮ್ಮಪ್ಪ ಮಲ್ಲಣ್ಣನ ಹೆಸರ ತಗೊಂಡಾರ... ಬ್ಯಾಡ." ಪಾಕ ಗದ್ದದ ಮೇಲೆ ಇಳಿದು ಕುಪ್ಪಸಕ್ಕೆ ಹರಿಯಿತು. ಮೇಘಾ ಬೆರಳು ತುರುಕಿ ಹಲ್ಲು ಬಿಡಿಸಲು ನೋಡಿದಳು. ತಾಯಿ ಕಚ್ಚಿದಳು. ಆಮೇಲೆ ಲಲಿತಾಬಾಯಿಯ ಮೈ ಒಮ್ಮೆಲೇ ಸೆಟೆದು, ಕುರ್ಚಿಯೊಂದಿಗೆ ಪಕ್ಕಕ್ಕೆ ಉರುಳಿ, ನೆಲದ ಮೇಲೆ ಅದುರತೊಡಗಿತು.

ಕಲೀಮ ಓಡಿಬಂದು ಕಾಲು ಹಿಡಿದ. ಇನ್ನೊಬ್ಬರು ಬೇಕಿತ್ತು. ಮೇಘಾ ಸಂಜುಕುಮಾರನನ್ನು ನೋಡಿದಳು. ಅವನು ಒಂದು ಹೆಜ್ಜೆ ಇಟ್ಟ, ತಾಯಿಯ ಮುಖ ನೋಡಿದ, ಅಲ್ಲೇ ನಿಂತ. ಪಕ್ಕದ ಮೇಜಿನವನು ಬಿರ್ಯಾನಿಯ ಕೈಯಲ್ಲೇ ಬಂದು ಹೆಗಲು ಎತ್ತಿದ. ಹೋಟೆಲಿನ ಸಾಮಾನಿನ ಟೆಂಪೊದಲ್ಲಿ ಈರುಳ್ಳಿ ಚೀಲಗಳ ನಡುವೆ ಮಲಗಿಸಿ ಆಸ್ಪತ್ರೆಗೆ ಒಯ್ದರು.

ಮೂರನೆಯ ದಿನ ಲಲಿತಾಬಾಯಿ ಎದ್ದು ಕೂತಳು. ಮಾತು ನಿಧಾನವಾಗಿತ್ತು. ಕೆಲವು ಹೆಸರುಗಳು ನೆನಪಿಗೆ ಬರುತ್ತಿರಲಿಲ್ಲ, ಚಮಚಕ್ಕೆ ಕೀಲಿ ಎನ್ನುತ್ತಿದ್ದಳು. ಮಿದುಳಿಗೆ ಸಕ್ಕರೆ ಸಿಗದೆ ಹೀಗಾಗಿದೆ, ಸ್ವಲ್ಪ ಸುಧಾರಿಸಬಹುದು, ಪೂರ್ತಿ ಅಂತ ಹೇಳಲಾಗದು ಎಂದರು ಡಾಕ್ಟರು. ಇನ್ನೊಮ್ಮೆ ಹೀಗಾದರೆ ಉಳಿಸಿಕೊಳ್ಳುವುದು ಕಷ್ಟ ಎಂದೂ ಹೇಳಿದರು.

ಭಾಲ್ಕಿಯಿಂದ ಸಿದ್ದೇಶ್ವರಿ ಬಕ್ಕಪ್ಪನಿಗೆ ಫೋನ್ ಮಾಡಿದಳು. "ಶುಗರ್ ಇದ್ರ ಇರ್ಲಿ ಅಂತಿದ್ದೆವ್ರಿ ನಾವು. ಯಾರಿಗಿಲ್ಲ? ದೇವರ ಹೆಸರಲೆ ಸುಳ್ಳ ಹೇಳಿದ್ರಲ್ಲ, ಅದು ನಮ್ಮ ಮನಿತನಕ್ಕ ಆಗಂಗಿಲ್ಲ." ಅದು ನಿಜವೋ ನೆಪವೋ ಮೇಘಾಳಿಗೆ ತಿಳಿಯಲಿಲ್ಲ. ಸಂಜುಕುಮಾರ ಅವಳ ಫೋನ್ ಎತ್ತಲಿಲ್ಲ. ಬಕ್ಕಪ್ಪ ಹೆಂಡತಿಯ ಮಂಚದ ಪಕ್ಕದಲ್ಲೇ ನಿಂತು ಆ ಮಾತನ್ನೆಲ್ಲ ಸ್ಪೀಕರಿನಲ್ಲಿ ಕೇಳಿಸಿಕೊಂಡಿದ್ದ. ಲಲಿತಾಬಾಯಿಯೂ ಕೇಳಿಸಿಕೊಂಡಿದ್ದಳು.

ಊರಿಗೆ ಮರಳಿದ ಮೇಲಿನ ಮೊದಲ ಐತಾರ ಅವಳು ಎಲ್ಲರಿಗಿಂತ ಮುಂಚೆ ಎದ್ದು ತಲೆಗೆ ನೀರು ಹಾಕಿಕೊಂಡಳು. ಗೋಡೆ ಹಿಡಿದು ನಡೆದು ದೇವರ ಮುಂದೆ ಬಂದು, ಹಣೆಗೆ ಭಂಡಾರ ಬಡಿದುಕೊಂಡು, ಕಾಲು ಮಡಚಿ ಕೂತಳು. ಮೇಘಾ ರೊಟ್ಟಿ, ಪಲ್ಯ ತಂದಿಟ್ಟರೆ ತಾಟಿನತ್ತ ಹೊರಳಿಯೂ ನೋಡಲಿಲ್ಲ.

"ಅವ್ವಾ, ಉಣ್ಣು. ಉಣ್ತೀನಿ ಅಂದ್ರ ಸೂಜಿ ಮಾಡ್ತೇನಿ."

"ಇವತ್ತ... ಐತಾರ," ಎಂದಳು ಲಲಿತಾಬಾಯಿ. ಒಂದೊಂದು ಮಾತನ್ನೂ ಹುಡುಕಿ ತೆಗೆಯುತ್ತಿದ್ದಳು. "ಹಿಡದೀನಿ ಅಂತ... ಹೇಳ್ಯಾರ. ಬಿಟ್ರ... ನಿನಗ ಶಾಪ ತಟ್ತದ."

"ನೀ ಹಿಡದಿಲ್ಲ. ಅಪ್ಪ ಸುಳ್ಳ ಹೇಳ್ಯಾನ."

"ಹೇಳ್ಯಾರ... ಆಯ್ತಲ್ಲ."

ಸೂಜಿ ಚುಚ್ಚಿ ಊಟ ತಪ್ಪಿದರೆ ಬಿದ್ದು ಸಾಯುತ್ತಾಳೆ. ಚುಚ್ಚದೆ ಬಿಟ್ಟರೆ ಶುಗರ್ ಏರಿ ಕಣ್ಣು, ಮೂತ್ರಪಿಂಡ ಒಂದೊಂದಾಗಿ ಹೋಗುತ್ತವೆ. ಮೇಘಾ ಅಡುಗೆಮನೆಗೆ ಹೋದಳು. ಬಕ್ಕಪ್ಪ ಅಲ್ಲಿ ಒಲೆಯ ಮುಂದೆ ಕೂತು ಉಣ್ಣುತ್ತಿದ್ದ.

"ನೀ ಹೋಗಿ ಹೇಳು ಆಕಿಗಿ. ಸುಳ್ಳ ನಂದು, ಉಪವಾಸ ನಾ ತೀರಸ್ತೀನಿ ಅಂತ ಮಲ್ಲಣ್ಣನ ಮುಂದ ಹೇಳು. ನಿನ್ನ ಮಾತು ಕೇಳ್ತಾಳ."

ಬಕ್ಕಪ್ಪ ರೊಟ್ಟಿ ಮುರಿದ. "ಎಲ್ಲರ ಮುಂದ ನೀ ನನ್ನ ಮರ್ಯಾದಿ ತಗದಿ. ಇನ್ನ ದೇವರ ಮುಂದನೂ ತಗೀಬೇಕಂತೀ?"

"ಐತಾರ ಐತಾರ ಹಿಂಗ ಕೂತ್ರ ಸಾಯ್ತಾಳ ಅಪ್ಪಾ."

"ಊರಾಗ ಎಷ್ಟ ಮಂದಿ ಉಪವಾಸ ಹಿಡಿತಾರ. ಯಾರು ಸತ್ತಾರ?"

ಅವನು ಕೊನೆಯ ತುತ್ತು ನುಂಗಿ, ತಾಟಿನಲ್ಲೇ ಕೈ ತೊಳೆದು, ಕಂಬಳಿ ಹೆಗಲಿಗೆ ಹಾಕಿಕೊಂಡು ಕುರಿಹಟ್ಟಿಯ ಕಡೆ ನಡೆದ. ಮೇಘಾ ಅವನ ತಾಟು ಎತ್ತಿ ಮೂಲೆಗಿಟ್ಟಳು. ಆಮೇಲೆ ತಾಯಿಯ ಎದುರಿಗೆ ಬಂದು ಕೂತಳು. ಹೊತ್ತು ಮುಳುಗಲು ಇನ್ನೂ ಇಡೀ ದಿನ ಇತ್ತು.